ವೆನೆಟೊಕ್ಲಾಕ್ಸ್ ಬಿಸಿಎಲ್-2ನ್ನು ಮಾತ್ರ ಯಾಕೆ ಹಿಡಿಯುತ್ತದೆ?

ಕೋಶ ಸಾಯದಂತೆ ತಡೆಯುವ ಬಿಸಿಎಲ್-2 ಮತ್ತು ಬಿಸಿಎಲ್-ಎಕ್ಸ್‌ಎಲ್ ಪ್ರೋಟೀನುಗಳ ರಚನೆಗಳು ಹೆಚ್ಚುಕಡಿಮೆ ಒಂದೇ, ಆದರೂ ರಕ್ತ ಕ್ಯಾನ್ಸರ್ ಔಷಧಿ ವೆನೆಟೊಕ್ಲಾಕ್ಸ್ ಮೊದಲನೆಯದನ್ನೇ ಹೇಗೆ ಆರಿಸಿಕೊಳ್ಳುತ್ತದೆ ಅಂತ ಕೇಳಿದ್ದೀರಿ.

ಒಂದೇ ಥರ ಕಾಣುವುದು ನಿಜ. ಎರಡೂ ಸುರುಳಿಗಳ ಕಟ್ಟು, ಮೇಲ್ಮೈಯಲ್ಲಿ ಒಂದು ಉದ್ದದ ತೋಡು. ಬಿಮ್‌ನಂಥ ಸಾವಿನ ಸಂದೇಶದ ಪ್ರೋಟೀನುಗಳು ತಮ್ಮ ಬಿಎಚ್3 ಅನ್ನುವ ಚಿಕ್ಕ ಸುರುಳಿಯನ್ನು ಅಲ್ಲೇ ತೂರಿಸುತ್ತವೆ, ಸಿಕ್ಕಿಬೀಳುತ್ತವೆ. ಔಷಧಿ ಆ ಜಾಗವನ್ನು ತಾನು ಹಿಡಿದು ಬಿಮ್ ಅನ್ನು ಬಿಡಿಸುತ್ತದೆ. ಆಮೇಲೆ ಬ್ಯಾಕ್ಸ್, ಬ್ಯಾಕ್ ಅನ್ನುವ ಪ್ರೋಟೀನುಗಳು ಸೇರಿ ಮೈಟೊಕಾಂಡ್ರಿಯಾದ ಹೊರಪೊರೆಗೆ ತೂತು ಹಾಕುತ್ತವೆ. ಅಲ್ಲಿಗೆ ಕೋಶದ ಕಥೆ ಮುಗೀತು.

ಗುಟ್ಟು ಇರುವುದು ತೋಡಿನ ಪಿ4 ಅನ್ನುವ ಗುಳಿಯ ಹತ್ತಿರ. ಬಿಸಿಎಲ್-2ರ 103ನೇ ಜಾಗದಲ್ಲಿ ಆಸ್ಪಾರ್ಟೇಟ್ ಎಂಬ ಅಮೈನೊ ಆಮ್ಲ ಇದೆ. ಎಕ್ಸ್‌ಎಲ್‌ನಲ್ಲಿ ಅದಕ್ಕೆ ಸರಿಯಾದ 96ನೇ ಜಾಗದಲ್ಲಿ ಗ್ಲುಟಮೇಟ್. ಒಂದೇ ಒಂದು ಇಂಗಾಲ ಜಾಸ್ತಿ, ಅಷ್ಟೇ! ಇದು ಗೊತ್ತಾದ ಬಗೆ ನನಗೆ ತುಂಬಾ ಇಷ್ಟ. ನಾವಿಟೊಕ್ಲಾಕ್ಸ್ ಎಂಬ ಹಳೆಯ ಔಷಧಿಯ ಒಂದು ತುದಿ ಕತ್ತರಿಸಿ ಬಿಸಿಎಲ್-2 ಜೊತೆ ಹರಳು ಬೆಳೆಸಿದಾಗ, ಪಕ್ಕದ ಪ್ರೋಟೀನ್ ಅಣುವಿನ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲ ಸುಮ್ನೆ ಬಂದು ಆ ಖಾಲಿ ಗುಳಿಯಲ್ಲಿ ಕೂತಿತ್ತು, 103ರ ಆಸ್ಪಾರ್ಟೇಟ್ ಜೊತೆ ಹೈಡ್ರೋಜನ್ ಬಂಧ ಬೇರೆ. ಅದನ್ನೇ ನಕಲು ಮಾಡಿ ಔಷಧಿಗೆ ಟ್ರಿಪ್ಟೊಫಾನ್‌ನಲ್ಲಿರುವಂಥ ಇಂಡೋಲ್ ಉಂಗುರ ಸೇರಿಸಿದರು. ಕೊನೆಗೆ ಅದು ಸ್ವಲ್ಪ ಬದಲಾಗಿ ಅಜಾಇಂಡೋಲ್ ಆಯಿತು. 103ರ ಆಸ್ಪಾರ್ಟೇಟ್ ಹಿಡಿಯುವ ಈ ಕೊಕ್ಕೆಯಿಂದಲೇ ಔಷಧಿ ಬಿಸಿಎಲ್-2ನ್ನು ಆರಿಸಿಕೊಳ್ಳುತ್ತದೆ.

ಈ ಆಯ್ಕೆ ಯಾಕೆ ಬೇಕಿತ್ತು ಅಂದರೆ, ಪ್ಲೇಟ್‌ಲೆಟ್‌ಗಳು ಬದುಕುವುದೇ ಎಕ್ಸ್‌ಎಲ್ ನಂಬಿಕೊಂಡು. ಎರಡನ್ನೂ ಹಿಡಿಯುವ ನಾವಿಟೊಕ್ಲಾಕ್ಸ್ ಕೊಟ್ಟರೆ ಅವುಗಳ ಸಂಖ್ಯೆ ಬೀಳುತ್ತದೆ. ವೆನೆಟೊಕ್ಲಾಕ್ಸ್‌ಗೆ ಆ ಕಾಟ ಕಡಿಮೆ. ಅಮೆರಿಕದಲ್ಲಿ 2016ರಲ್ಲಿ ಒಪ್ಪಿಗೆ ಸಿಕ್ಕಿತು.

ಸಮಯ ಸಿಕ್ಕರೆ ಬಿಸಿಎಲ್-2ರ 101ನೇ ಗ್ಲೈಸಿನ್ ವ್ಯಾಲಿನ್ ಆದ ರೂಪವನ್ನೂ ನೋಡಿ. ಔಷಧಿಗೆ ಬಗ್ಗದ ಕೆಲವು ರೋಗಿಗಳಲ್ಲಿ ಕಂಡದ್ದು ಅದೇ.