ಬಸರಿ ಸಸಿಯನ್ನು ಈಗಲೇ ತಟ್ಟೆಗೆ ಹಾಕಬೇಡಿ

ಕಲಬುರಗಿಯ ನರ್ಸರಿಯಿಂದ ತಂದ ನಾಲ್ಕಡಿ ಬಸರಿ ಸಸಿಯನ್ನು ನೇರ ಬೋನ್ಸಾಯ್ ತಟ್ಟೆಗೆ, ಅಂದರೆ ಮರವನ್ನು ಗಿಡ್ಡಗೆ ಬೆಳೆಸುವ ಆಳವಿಲ್ಲದ ಕುಂಡಕ್ಕೆ, ಹಾಕಬಹುದಾ ಅಂತ ಕೇಳಿದ್ದೀರಿ. ಬೇಡ ರೀ. ಕಾಂಡ ಇನ್ನೂ ಹೆಬ್ಬೆರಳಷ್ಟೇ ದಪ್ಪ ಅಂದಿದ್ದೀರಿ. ತಟ್ಟೆಗೆ ಹೋದರೆ ಅದು ದಪ್ಪ ಆಗೋದು ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಮೊದಲು ನೆಲದಲ್ಲೋ ದೊಡ್ಡ ಕುಂಡದಲ್ಲೋ ಎರಡು ಮೂರು ವರ್ಷ ಜೋರಾಗಿ ಬೆಳೆಯಲಿ.

ಬಸರಿ ಬೇಸಿಗೆಗೆ ಮುಂಚೆ ಎಲೆ ಉದುರಿಸುತ್ತದೆ ಅಲ್ವಾ, ಹೊಸ ಮೊಗ್ಗು ಉಬ್ಬುವ ಹೊತ್ತಿಗೆ ಸಸಿಯನ್ನು ನೆಲಕ್ಕೋ ದೊಡ್ಡ ಕುಂಡಕ್ಕೋ ಹಾಕಲು ಕೈ ಹಾಕಿ. ಚೀಲ ಹರಿದು ಬೇರು ನೋಡಿ. ಸುತ್ತಿಕೊಂಡ ಬೇರನ್ನು ಕತ್ತರಿಸಿ, ಉಳಿದವನ್ನು ಬುಡದ ಸುತ್ತ ಎಲ್ಲ ದಿಕ್ಕಿಗೂ ಹರಡಿ. ಮುಂದೆ ಮರಕ್ಕೆ ವಯಸ್ಸಿನ ಕಳೆ ಕೊಡೋದು ಈ ಬುಡವೇ, ಇಲ್ಲಿ ಅವಸರ ಬೇಡ. ಕಾಂಡ ಬೇಕಾದಷ್ಟು ದಪ್ಪ ಆದ ಮೇಲೆ ಗೇಣುದ್ದ ಬಿಟ್ಟು ಓರೆಯಾಗಿ ಕತ್ತರಿಸಿ. ಹಾಲು ಸೋರುತ್ತದೆ, ಗಾಬರಿಯಾಗಬೇಡಿ, ಒರೆಸಿಬಿಡಿ. ಕೆಳಗಿಂದ ಚಿಗುರು ಒಡೆಯುತ್ತದೆ. ಅದರಲ್ಲಿ ಗಟ್ಟಿಯಾದ ಒಂದನ್ನು ತಂತಿ ಸುತ್ತಿ ಮೇಲಕ್ಕೆ ಎತ್ತಿ. ಅದೇ ಹೊಸ ತುದಿ.

ಕುಂಡಕ್ಕೆ ನಮ್ಮ ಎರೆಮಣ್ಣು ಮಾತ್ರ ಹಾಕಬೇಡಿ, ನೀರು ಬಸಿಯುವುದಿಲ್ಲ, ಒಣಗಿದರೆ ಬಿರುಕು. ಜರಡಿ ಹಿಡಿದ ಮುರುಮ (ಗರಸು ಮಣ್ಣು), ಇಟ್ಟಿಗೆ ಚೂರು, ಸ್ವಲ್ಪ ಹಳೆ ಗೊಬ್ಬರ ಸಾಕು. ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಆಗ ಮಧ್ಯಾಹ್ನ ಕುಂಡಕ್ಕೆ ನೆರಳು ಬೇಕೇ ಬೇಕು.