ಕ್ಯಾಂಪಸ್ಸಿನಲ್ಲಿ ದೆವ್ವ ಇದೆ ಅನ್ನುವ ಕಟ್ಟಡದೊಳಗೆ ನೀವು ಹೋಗಿದ್ದೀರಾ? ನಮ್ಮ ಕಾಲೇಜಿನ ಹಳೇ ಬ್ಲಾಕ್‌ಗೆ ರಾತ್ರಿ ಹೋಗೋಣ ಅಂತ ಗೆಳೆಯರು ಕರೆಯುತ್ತಿದ್ದಾರೆ, ಹೋಗಬಹುದಾ?

ಹೋಗಿದ್ದೇನೆ. ಮೈಸೂರು ವಿಶ್ವವಿದ್ಯಾಲಯದ ಕ್ಯಾಂಪಸ್ ಮಾನಸಗಂಗೋತ್ರಿಯಲ್ಲಿರುವ ಜಯಲಕ್ಷ್ಮಿ ವಿಲಾಸ ಅರಮನೆಗೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಅಲ್ಲಿ ಎಂ.ಎ. ಓದುತ್ತಿದ್ದೆ. ಅರಮನೆಗೆ ಆಗಿನ್ನೂ ದುರಸ್ತಿ ಆಗಿರಲಿಲ್ಲ. ಗಾರೆ ಉದುರುತ್ತಿತ್ತು, ಮಳೆ ಬಂದರೆ ಸೋರುತ್ತಿತ್ತು, ಎಷ್ಟೋ ಕೋಣೆಗಳಿಗೆ ಬೀಗ. ಹಾಸ್ಟೆಲ್ಲಿನಲ್ಲಿ ಕಥೆಗಳಿಗೆ ಬರವೇ? ರಾತ್ರಿ ಮಹಡಿಯಲ್ಲಿ ಯಾರೋ ಹೆಂಗಸು ಕಿರುಚುತ್ತಾಳಂತೆ, ಹೆಜ್ಜೆ ಸಪ್ಪಳ ಕೇಳುತ್ತಂತೆ, ಕಿಟಕಿಯಲ್ಲಿ ಬಿಳೀ ಮುಖ ಕಾಣುತ್ತಂತೆ. ಕುಕ್ಕರಹಳ್ಳಿ ಕೆರೆ ಕಡೆ ವಾಕಿಂಗ್ ಹೋದವರು ಕತ್ತಲಾದ ಮೇಲೆ ಆ ದಾರಿ ಹಿಡಿಯುತ್ತಿರಲಿಲ್ಲ.

ಆದರೆ ಅದೇ ಕಟ್ಟಡದಲ್ಲಿ ಜಾನಪದ ವಸ್ತುಸಂಗ್ರಹಾಲಯ ಇತ್ತಲ್ವಾ, ಹಗಲು ಯಾರು ಬೇಕಾದರೂ ಹೋಗಬಹುದಿತ್ತು. ಒಂದು ಸಂಜೆ ಜಾನಪದ ವಿಭಾಗದ ಗೆಳತಿಯ ಜೊತೆ ಹೋದೆ. ಬಾಗಿಲು ಮುಚ್ಚುವ ಹೊತ್ತು, ಒಳಗೆ ಅರೆಗತ್ತಲು. ಒಂದು ಮೂಲೆ ತಿರುಗಿದರೆ ಎದುರಿಗೇ ಸೋಮನ ಕುಣಿತ ಅನ್ನುವ ಜಾನಪದ ಕುಣಿತದ ಮುಖವಾಡಗಳು. ಅಷ್ಟಗಲ ಕಣ್ಣು, ಕೆಂಪು ಬಣ್ಣ. ಎದೆ ಝಲ್ಲೆಂದಿತು. ಗೆಳತಿ ಹೇಳಿದಳು: ಸೋಮ ಗ್ರಾಮದೇವತೆಯ ಕಾವಲಿನವನು, ಊರಿನವರು ಕರೆದು ಕುಣಿಸಿ ಕೈಮುಗಿಯುತ್ತಾರೆ, ನೀನ್ಯಾಕೆ ಹೆದರ್ತೀಯ?

ಆಗಲೇ ಮೇಲಿಂದ ಆ ಕಿರುಚಾಟ ಕೇಳಿದ್ದು. ಹಾಸ್ಟೆಲ್ಲಿನವರು ಸುಳ್ಳು ಹೇಳಿರಲಿಲ್ಲ. ನಿಜವಾಗಿ ಹೆಂಗಸು ಚೀರಿದ ಹಾಗೇ ಇತ್ತು. ಅಲ್ಲಿನ ಅಟೆಂಡರ್ ನಮ್ಮನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಸೂರಿನ ಕಡೆ ಕೈ ತೋರಿಸಿದರು. ಕಣಜ ಗೂಬೆ. ಮುಖ ಪೂರ್ತಿ ಬಿಳಿ. ಇದು ಬೇರೆ ಗೂಬೆಗಳ ಥರ ಗೂ ಗೂ ಅನ್ನುವುದಿಲ್ಲ, ಕರ್ಕಶವಾಗಿ ಚೀರುತ್ತದೆ. ಹಾರುವಾಗ ರೆಕ್ಕೆಯ ಸದ್ದೇ ಬರುವುದಿಲ್ಲ. ಹಳೇ ಕಟ್ಟಡಗಳ ಸಂದಿಗಳಲ್ಲೇ ಮೊಟ್ಟೆ ಇಟ್ಟು ಮರಿ ಮಾಡುತ್ತದೆ, ಇಲಿ ತಿಂದು ಬದುಕುತ್ತದೆ. ಕಿಟಕಿಯ ಬಿಳೀ ಮುಖವೂ ಇದೇ, ಕಿರುಚುವ ಹೆಂಗಸೂ ಇದೇ. ಮರದ ಅಟ್ಟ ಹಗಲೆಲ್ಲ ಕಾದು ಸಂಜೆ ತಣ್ಣಗಾಗುವಾಗ ಟಕ್ ಟಕ್ ಅನ್ನುತ್ತಿತ್ತು. ಅದೇ ಹೆಜ್ಜೆ ಸಪ್ಪಳ.

ಭಯ ಅಲ್ಲಿಗೇ ಹೋಯಿತು, ಬೇಜಾರು ಹೋಗಲಿಲ್ಲ. 1905ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಕಟ್ಟಿಸಿದ ಮನೆ ಅದು. ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಅಕ್ಕ. ನೂರಕ್ಕೂ ಹೆಚ್ಚು ಕೋಣೆಗಳು, ಬಣ್ಣದ ಗಾಜಿನ ಕಲ್ಯಾಣ ಮಂಟಪ. ಕುವೆಂಪು ಕುಲಪತಿಗಳಾಗಿದ್ದ ಕಾಲದಲ್ಲಿ, 1959ರಲ್ಲಿ, ಅದು ವಿಶ್ವವಿದ್ಯಾಲಯಕ್ಕೆ ಬಂತು. ಇಷ್ಟೆಲ್ಲ ಇರುವ ಕಟ್ಟಡದ ಬಗ್ಗೆ ನಮ್ಮ ಹುಡುಗರ ಬಾಯಲ್ಲಿ ಬರೀ ದೆವ್ವದ ಮಾತು. ದೆವ್ವದ ಹೆಸರು ಬಿದ್ದ ಕಟ್ಟಡಕ್ಕೆ ಯಾರೂ ಹೋಗುವುದಿಲ್ಲ. ಯಾರೂ ಹೋಗದಿದ್ದರೆ ಹೆಂಚು ಒಡೆದದ್ದು, ಗೆದ್ದಲು ಹತ್ತಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಈ ಕಥೆಗಳ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ. ಪುಣ್ಯಕ್ಕೆ 2002ರ ನಂತರ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಅಲ್ಲಿ ದುರಸ್ತಿ ನಡೆಯಿತು.

ಇನ್ನು ನಿಮ್ಮ ಪ್ರಶ್ನೆ. ರಾತ್ರಿ ಖಂಡಿತ ಬೇಡ. ಗೆದ್ದಲು ತಿಂದ ಮರದ ನೆಲ ಮೇಲಿಂದ ನೋಡಿದರೆ ಚೆನ್ನಾಗಿಯೇ ಇರುತ್ತದೆ, ಕಾಲಿಟ್ಟರೆ ಕುಸಿಯುತ್ತದೆ. ಹಾವು, ಹೆಜ್ಜೇನು ಬೇರೆ. ಟಾರ್ಚ್ ಹಾಕಿ ಗದ್ದಲ ಮಾಡಿದರೆ ಗೂಬೆ ಮರಿಗಳನ್ನು ಬಿಟ್ಟು ಹೋಗಬಹುದು. ಹಗಲು ಹೊತ್ತು ಅನುಮತಿ ಕೇಳಿ ಹೋಗಿ. ಕಾಲೇಜಿನ ಹಳೇ ಅಟೆಂಡರ್ ಯಾರಾದರೂ ಇದ್ದರೆ ಜೊತೆಗೆ ಕರೆದುಕೊಳ್ಳಿ, ಯಾವ ಮೆಟ್ಟಿಲು ಗಟ್ಟಿ ಅಂತ ಅವರಿಗೇ ಗೊತ್ತಿರುತ್ತದೆ. ಎಲ್ಲಿ ಸೋರುತ್ತಿದೆ, ಎಲ್ಲಿ ಬಿರುಕು ಬಿಟ್ಟಿದೆ ಅಂತ ಫೋಟೋ ತೆಗೆದುಕೊಂಡು ಪ್ರಾಂಶುಪಾಲರಿಗೆ ಒಂದು ಅರ್ಜಿ ಕೊಡಿ.