ಹಾಡೋದು ನೀನು, ಮಾಸ್ಟರ್ ಯಾರದ್ದು?

ತಂಗಿ, ನ್ಯೂಯಾರ್ಕಿಗೆ ಬಂದು ಜಾಸ್ ಆಲ್ಬಂ ರೆಕಾರ್ಡ್ ಮಾಡು, ಸ್ಟುಡಿಯೋ ಖರ್ಚೆಲ್ಲ ಕೊಡ್ತೀವಿ ಅನ್ನೋ ಲೇಬಲ್‌ಗೆ, ಅಂದ್ರೆ ರೆಕಾರ್ಡ್ ಕಂಪನಿಗೆ, ಸಹಿ ಹಾಕಲಾ, ಅಲ್ಲಿ ಬದುಕೋಕಾಗುತ್ತಾ ಅಂತ ಕೇಳಿದ್ದೀಯ. ಬಾಡಿಗೆ ಹಿಂಡುತ್ತೆ, ಆದರೂ ಬದುಕಬಹುದು. ನನ್ನ ಚಿಂತೆಯೆಲ್ಲ ಆ ಸಹಿಯದ್ದು.

ಸತೀಮಾ ಬೀ ಬೆಂಜಮಿನ್ ಹಾಡು ಕೇಳಿದ್ದೀಯಾ? ಕೇಪ್‌ಟೌನಿನವರು. ವರ್ಣಭೇದದ ಆಡಳಿತದಲ್ಲಿ ಇರಲಾರದೆ 1962ರಲ್ಲಿ ಪಿಯಾನೋ ವಾದಕ ಡಾಲರ್ ಬ್ರ್ಯಾಂಡ್ ಜೊತೆ ಯೂರೋಪಿಗೆ ಬಂದರು. ಆತನೇ ಮುಂದೆ ಅವರ ಗಂಡ, ಅಬ್ದುಲ್ಲಾ ಇಬ್ರಾಹಿಂ. ಜ್ಯೂರಿಕ್‌ನ ಕ್ಲಬ್ಬಿನಲ್ಲಿ ಇಬ್ಬರನ್ನೂ ಕೇಳಿದ ಜಾಸ್ ದಿಗ್ಗಜ ಡ್ಯೂಕ್ ಎಲಿಂಗ್ಟನ್ 1963ರ ಫೆಬ್ರುವರಿಯಲ್ಲಿ ಪ್ಯಾರಿಸ್‌ಗೆ ಕರೆಸಿ ರೆಕಾರ್ಡ್ ಮಾಡಿಸಿದರು. ಸತೀಮಾ ಹಾಡಿಗೆ ಕೆಲವೆಡೆ ಪಿಯಾನೋ ನುಡಿಸಿದ್ದು ಸ್ವತಃ ಎಲಿಂಗ್ಟನ್, ಕೆಲವೆಡೆ ಅವರ ಜೊತೆಗಾರ ಸಂಯೋಜಕ ಬಿಲ್ಲಿ ಸ್ಟ್ರೇಹಾರ್ನ್. ಯಾವ ಗಾಯಕಿಗೆ ಇಂಥ ಭಾಗ್ಯ ಸಿಗುತ್ತೆ ಹೇಳು! ಆದರೆ ಬ್ರ್ಯಾಂಡ್‌ನ ಮೂವರ ತಂಡದ ರೆಕಾರ್ಡು ಹೊರಬಂತು, ಸತೀಮಾದ್ದು 30 ವರ್ಷಕ್ಕೂ ಮೀರಿ ಬರಲೇ ಇಲ್ಲ. ಸೌಂಡ್ ಎಂಜಿನಿಯರ್ ಒಂದು ಪ್ರತಿ ಇಟ್ಟುಕೊಂಡಿದ್ದಕ್ಕೆ ಆ ದನಿ ಉಳೀತು. ನನಗೆ ಇವತ್ತಿಗೂ ಇದು ನೆನೆದರೆ ಸಂಕಟವಾಗುತ್ತೆ. 1977ರಲ್ಲಿ ನ್ಯೂಯಾರ್ಕಿಗೆ ಬಂದು ನೆಲೆಸಿದವರು, 1979ರಲ್ಲಿ ಎಕಪಾ ಅಂತ ತಮ್ಮದೇ ಲೇಬಲ್ ಕಟ್ಟಿದರು. ಮಕ್ಕಳನ್ನು ಬೆಳೆಸುತ್ತಲೇ ಒಂದೊಂದಾಗಿ ಆಲ್ಬಂ ತಂದರು.

ಅದಕ್ಕೇ ಹೇಳ್ತೀನಿ, ಮಾಸ್ಟರ್, ಅಂದ್ರೆ ಹಾಡಿನ ಮೂಲ ರೆಕಾರ್ಡಿಂಗ್, ಯಾರ ಹೆಸರಲ್ಲಿರುತ್ತೆ ಅಂತ ಮೊದಲು ಕೇಳು. ಗೊತ್ತು ಮಾಡಿದ ಅವಧಿಯೊಳಗೆ ಬಿಡುಗಡೆ ಮಾಡದಿದ್ದರೆ ಅದು ನಿನಗೆ ವಾಪಸ್ ಬರಬೇಕು, ಕರಾರಿನಲ್ಲಿ ಬರೆಸು. ಸ್ಟುಡಿಯೋಗೆ ಹಾಕಿದ ದುಡ್ಡನ್ನು ನಿನ್ನ ರಾಯಲ್ಟಿಯಿಂದಲೇ, ಅಂದ್ರೆ ಹಾಡಿನ ಗಳಿಕೆಯಲ್ಲಿ ನಿನಗೆ ಬರೋ ಪಾಲಿನಿಂದಲೇ, ಮುರ್ಕೋತಾರಾ, ನೋಡು. ಸಾಮಾನ್ಯವಾಗಿ ಮುರ್ಕೋತಾರೆ.

ನೀನು ಹಾಡೋದು ಹಳೇ ಸ್ಟ್ಯಾಂಡರ್ಡ್‌ಗಳನ್ನ, ಅಂದ್ರೆ ಬೇರೆಯವರು ಕಟ್ಟಿದ, ಎಲ್ಲರೂ ಹಾಡೋ ಜಾಸ್ ಹಾಡುಗಳನ್ನ. ಇಲ್ಲಿ ಅಮೆರಿಕದ ಎಫ್‌ಎಂನಲ್ಲಿ ಎಷ್ಟು ಸಲ ಹಾಕಿದರೂ ಕಾನೂನಿನ ಪ್ರಕಾರ ದುಡ್ಡು ಹಾಡು ಕಟ್ಟಿದವರ ಕಡೆಗೆ, ಹಾಡಿದವರಿಗೆ ಬಿಡಿಗಾಸಿಲ್ಲ. ಇಂಟರ್ನೆಟ್ ಮತ್ತು ಸ್ಯಾಟಲೈಟ್ ರೇಡಿಯೋದ ದುಡ್ಡನ್ನು ಸೌಂಡ್‌ಎಕ್ಸ್‌ಚೇಂಜ್ ಅನ್ನೋ ಸಂಸ್ಥೆ ಹಂಚುತ್ತೆ: ಮುಖ್ಯ ಕಲಾವಿದರಿಗೆ 45%, ಜೊತೆಗಾರರಿಗೆ 5%, ಮಾಸ್ಟರ್ ಒಡೆಯರಿಗೆ 50%. ಆ ದೊಡ್ಡ ಪಾಲು ಯಾಕೆ ಬಿಡ್ತೀಯ?

ವೀಸಾ ವಿಷಯ. ವ್ಯವಹಾರಕ್ಕೆ ಸ್ವಲ್ಪ ದಿನ ಬರೋರ ಬಿ-1 ವೀಸಾದಲ್ಲಿ ಬಂದು ರೆಕಾರ್ಡ್ ಮಾಡಬಹುದು, ಆದರೆ ಅದನ್ನು ಅಮೆರಿಕದಲ್ಲಿ ಮಾರುವಂತಿಲ್ಲ, ಸಾರ್ವಜನಿಕವಾಗಿ ಹಾಡುವಂತಿಲ್ಲ. ಇಲ್ಲೇ ಹಾಡಿ ಬದುಕೋರು ಹೆಚ್ಚಾಗಿ ಓ-1 ಹಿಡೀತಾರೆ, ಅದು ಅಸಾಧಾರಣ ಪ್ರತಿಭೆ ಇರೋರ ವೀಸಾ. ಪತ್ರಿಕೆಯಲ್ಲಿ ಬಂದ ವಿಮರ್ಶೆ, ಕಾರ್ಯಕ್ರಮದ ಕರಾರು, ಹಿರಿಯ ಸಂಗೀತಗಾರರ ಪತ್ರ ಎಲ್ಲ ಈಗಿನಿಂದಲೇ ಜೋಡಿಸಿಡು.

ಲೇಬಲ್‌ನವರು ಕರಾರಿನ ಕರಡು ಕಳಿಸಿದ ಕೂಡಲೇ ನನಗೆ ಬರಿ. ನನ್ನ ಕರಾರಿಗೆ ವಕೀಲರು ಸೇರಿಸಿದ ಷರತ್ತುಗಳನ್ನು ಕಳಿಸ್ತೀನಿ, ಪಕ್ಕಪಕ್ಕ ಇಟ್ಟು ಓದು.